ಗುಹೆಯ ಬಾಗಿಲಲ್ಲಿ ನಿಂತ ಬಾಲಕ

ಭಾಗಮಂಡಲದಿಂದ ಕೇರಳದ ಪಾಣತ್ತೂರಿನತ್ತ ಇಳಿಯುವ ಕಾಡುದಾರಿಯಲ್ಲಿ ಕರಿಕೆ ಗ್ರಾಮವಿದೆ. ಕಳೆದ ಆಷಾಢದಲ್ಲಿ ನಾವು ಅಲ್ಲಿಯ ಶರಣ ಕುಟುಂಬವೊಂದರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಸಂಜೆಯ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಮನೆಯ ಹಿರಿಯರು ನೊಂದು ನುಡಿದರು: “ನೋಡಿ, ನಮ್ಮ ಮೊಮ್ಮಗ ಹೊತ್ತು ಮುಳುಗುವವರೆಗೂ ಪರದೆಯ ಮುಂದೆ ಕುಳಿತು ಕತ್ತಿ ಬೀಸುತ್ತಾನೆ. ದಯೆಯನ್ನು ಬೋಧಿಸುವ ಮನೆಯಲ್ಲಿ ಇದು ತರವೇ?”

ಉತ್ತರ ಹೇಳುವ ಮುನ್ನ ಆಟವನ್ನು ನೋಡುವುದು ನ್ಯಾಯವೆಂದು ಬಗೆದು ನಾವು ಬಾಲಕನ ಪಕ್ಕದಲ್ಲಿ ಕುಳಿತೆವು.

ಅದು ‘ದಿ ಲೆಜೆಂಡ್ ಆಫ್ ಜೆಲ್ಡಾ’. ಜಪಾನಿನ ನಿಂಟೆಂಡೊ ಸಂಸ್ಥೆ 1986ರ ಫೆಬ್ರವರಿ 21ರಂದು ಹೊರತಂದ ಈ ಆಟ ಹೊಸ ಯಂತ್ರಗಳಲ್ಲಿ ಇಂದಿಗೂ ಉಳಿದುಬಂದಿದೆ. ಇದರ ನಿರ್ಮಾತೃಗಳಲ್ಲಿ ಪ್ರಮುಖರಾದ ಶಿಗೆರು ಮಿಯಾಮೊಟೊ ಕ್ಯೋಟೊ ಪ್ರಾಂತದ ಸೊನೊಬೆ ಎಂಬ ಊರಿನವರು. ಬಾಲ್ಯದಲ್ಲಿ ಬೆಟ್ಟಗಳಲ್ಲಿ ಅಲೆಯುತ್ತ ಗುಹೆಯೊಂದನ್ನು ಕಂಡು, ಹಿಂಜರಿದು, ಕೊನೆಗೆ ದೀಪ ಹಿಡಿದು ಒಳಹೊಕ್ಕ ಅನುಭವವೇ ಈ ಆಟದ ಬೀಜವೆಂದು ಅವರು ಹೇಳಿಕೊಂಡಿದ್ದಾರೆ.

ಕಥೆ ಸರಳವಾದುದು. ಗ್ಯಾನನ್ ಎಂಬ ದುಷ್ಟನು ರಾಜಕುಮಾರಿ ಜೆಲ್ಡಾಳನ್ನು ಸೆರೆಹಿಡಿದಿದ್ದಾನೆ. ಆಕೆ ಎಂಟು ತುಂಡುಗಳಾಗಿಸಿ ಬಚ್ಚಿಟ್ಟ ಜ್ಞಾನದ ತ್ರಿಕೋನವನ್ನು ಎಂಟು ನೆಲಮಾಳಿಗೆಗಳಿಂದ ಒಟ್ಟುಗೂಡಿಸಿದ ಬಳಿಕವೇ ಬಾಲವೀರ ಲಿಂಕ್ ಒಂಬತ್ತನೆಯದಾದ ವೈರಿಯ ಬೀಡಿನಲ್ಲಿ ಅವಳನ್ನು ಸೇರಬಲ್ಲನು. ಆರಂಭದಲ್ಲಿ ಅವನ ಕೈಯಲ್ಲಿ ಕತ್ತಿಯಿಲ್ಲ. ಮೊದಲ ಕತ್ತಿ ದೊರೆಯುವುದು ಗುಹೆಯಲ್ಲಿ ಕುಳಿತ ವೃದ್ಧನಿಂದ.

ಒಂದು ಗಂಟೆ ನೋಡಿದ ಮೇಲೆ ನಮಗೆ ತಿಳಿದುದಿಷ್ಟು: ಇಲ್ಲಿ ಕತ್ತಿಯೊಂದರಿಂದಲೇ ಗೆಲುವಿಲ್ಲ. ಗುರಾಣಿ ಹಿಡಿದ ಡಾರ್ಕ್‌ನಟ್ ಎಂಬ ಯೋಧರಿಗೆ ಎದುರಿನಿಂದ ಹೊಡೆದ ಪೆಟ್ಟು ತಾಗದು. ಅವರ ನಡೆಯನ್ನು ಕಾದು ಪಕ್ಕದಿಂದ ಎರಗಬೇಕು. ಪೊದೆಯನ್ನು ಸುಟ್ಟರೆ ಮೆಟ್ಟಿಲು, ಗೋಡೆಯನ್ನು ಸಿಡಿಸಿದರೆ ಬಾಗಿಲು ಕಾಣಬಹುದು. ದಾರಿ ತಪ್ಪಿಸುವ ಕಾಡೊಂದರಲ್ಲಿ ಎಷ್ಟು ನಡೆದರೂ ನಿಂತಲ್ಲಿಯೇ ನಿಂತಂತೆ. ಸರಿಯಾದ ತಿರುವುಗಳನ್ನು ಬಲ್ಲವರಿಂದ ಕೇಳಿ ತಿಳಿದವನೇ ಪಾರಾಗುವನು. ಬಾಲಕನು ನೋಟುಬುಕ್ಕಿನಲ್ಲಿ ಇವನ್ನೆಲ್ಲ ಅಚ್ಚುಕಟ್ಟಾಗಿ ನಕ್ಷೆ ಬರೆದಿಟ್ಟಿದ್ದನು.

ಆಗ ನಮಗೆ ಅಲ್ಲಮಪ್ರಭುಗಳ ನೆನಪಾಯಿತು. ಹರಿಹರನ ರಗಳೆಯಲ್ಲಿ ಪ್ರಭುಗಳು ಕಾಲಿನಿಂದ ನೆಲ ಕೆದಕುವಾಗ ಹೊನ್ನ ಕಲಶ ಕಂಡು, ಅಗೆಸಿ ಒಳಹೊಕ್ಕು, ಅನಿಮಿಷಯ್ಯನನ್ನು ಕಾಣುತ್ತಾರೆ. ಅದೂ ಅನ್ವೇಷಣೆಯೇ, ಆದರೆ ದೊರೆತುದು ಆಯುಧವಲ್ಲ, ಇಷ್ಟಲಿಂಗ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿ ತಾಗಿದಾಗ ಖಣಿಲೆಂಬ ಸದ್ದೇಳುತ್ತದೆ; ಅದೇ ಕತ್ತಿ ಪ್ರಭುಗಳ ದೇಹದಲ್ಲಿ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ಅಲ್ಲಿ ಗೆದ್ದವರು ತಿರುಗಿ ಇರಿದವರಲ್ಲ, ‘ನಾನು’ ಎಂಬುದನ್ನು ಕಳೆದುಕೊಂಡವರು. ಪರದೆಯ ಆಟ ಕಲಿಸಲಾರದ ಕದನ ಇದು.

ನಾವು ಬಾಲಕನನ್ನು ಕೇಳಿದೆವು: “ನಿಮ್ಮ ಮನೆಯ ಹಿಂದೆ ಹರಿಯುವ ತೊರೆ ಎಲ್ಲಿ ಹುಟ್ಟುತ್ತದೆ, ಮಗು?” ಆಟದ ನಾಡಿನ ಗುಹೆಗಳನ್ನೆಲ್ಲ ಬಲ್ಲವನು ನಿರುತ್ತರನಾದನು. ಅವನಜ್ಜ ಆ ನೋಟುಬುಕ್ಕನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. “ಇಷ್ಟೆಲ್ಲ ನೀನೇ ಬರೆದೆಯಾ?” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ.

ಮರುದಿನ ಮಳೆ ಬಿಡುವು ಕೊಟ್ಟಾಗ ಅಜ್ಜ ಮೊಮ್ಮಗ ಇಬ್ಬರೂ ಕಾಲಿಗೆ ಸುಣ್ಣ ಬಳಿದುಕೊಂಡು, ಜಿಗಣೆಗಳ ನಡುವೆ ತೊರೆಯ ಗುಂಟ ತೋಟದ ಅಂಚಿನವರೆಗೆ ನಡೆದರು. ಮುಂದೆ ಆನೆಯ ಹಾದಿ ಇದೆಯೆಂದು ಅಜ್ಜ ಅಲ್ಲಿಯೇ ತಡೆದರು. ಆಟದಲ್ಲಿ ಸತ್ತ ವೀರನು ಮತ್ತೆ ಏಳುತ್ತಾನೆ, ಕಾಡಿನಲ್ಲಿ ಹಾಗಿಲ್ಲವೆಂಬ ಪಾಠವೂ ಅಲ್ಲಿಯೇ ಆಯಿತು. ಮರಳಿದ ಬಾಲಕ ನೋಟುಬುಕ್ಕಿನ ಹೊಸ ಹಾಳೆಯಲ್ಲಿ ಆ ತೊರೆಯನ್ನು ಬರೆದನು.

ಶರಣಬಂಧುಗಳೇ, ಮಕ್ಕಳ ಆಟಕ್ಕೆ ಹೊತ್ತಿನ ಮಿತಿ ಇರಲೇಬೇಕು. ಆದರೆ “ನಿಲ್ಲಿಸು” ಎಂದು ಗದರುವ ಮೊದಲು “ಏನು ಕಂಡೆ?” ಎಂದು ಒಮ್ಮೆ ಕೇಳೋಣ. ಅರಿವಿನ ದೀಪ ಹಿಡಿದು ಜೊತೆಗೆ ನಡೆಯುವ ಹಿರಿಯರಿದ್ದರೆ ಯಾವ ಗುಹೆಯೂ ಮಗುವನ್ನು ನುಂಗಲಾರದು.