ಮೇರಿ ‘ಷಜಾಮ್’ ಅಂದಾಗ

ಇಬ್ಬರು ಹುಡುಗರ ಕೈಕಾಲು ಕಟ್ಟಿಹಾಕಲಾಗಿದೆ. ಇಬ್ಬರಿಗೂ ಮಂತ್ರ ಗೊತ್ತು. ಬಿಲ್ಲಿ ಬ್ಯಾಟ್ಸನ್ ‘ಷಜಾಮ್’ ಅಂದರೆ ಸಾಕು, ಸಿಡಿಲು ಬಡಿದು ಕ್ಯಾಪ್ಟನ್ ಮಾರ್ವೆಲ್ ಆಗಿಬಿಡುತ್ತಾನೆ. ಗೆಳೆಯ ಫ್ರೆಡ್ಡಿಗೂ ಅಂಥದ್ದೇ ಒಂದು ಪದವಿದೆ. ಆದರೆ ದುಷ್ಟರು ಅವರ ಬಾಯಿಗೂ ಬಟ್ಟೆ ಬಿಗಿದಿದ್ದಾರೆ. ಪಕ್ಕದಲ್ಲಿ ಮೇರಿ. ತನಗೊಬ್ಬಳು ಅವಳಿ ಸೋದರಿ ಇದ್ದಾಳೆಂದು ಬಿಲ್ಲಿಗೆ ಗೊತ್ತಾಗಿ ಹೆಚ್ಚು ಹೊತ್ತಾಗಿಲ್ಲ. ‘ನಾನು ಹೇಳಿದರೂ ಮಂತ್ರ ಫಲಿಸುತ್ತದಾ?’ ಎಂದು ಅವಳು ಆಗಲೇ ಕೇಳಿಯೂ ಇದ್ದಳು. ಮಂತ್ರ ಕೊಟ್ಟ ಆ ಮುದಿ ಮಾಂತ್ರಿಕ ಹುಡುಗಿಗೆಲ್ಲಿ ಶಕ್ತಿ ಕೊಡುತ್ತಾನೆ ಎಂದು ಬಿಲ್ಲಿ ತಳ್ಳಿಹಾಕಿದ್ದ. ಈಗ ಅವಳ ಬಾಯಿಂದ ಅದೇ ಪದ ಹೊರಬೀಳುತ್ತದೆ. ಸಿಡಿಲು ಬಡಿಯುತ್ತದೆ. ಹುಡುಗರಿಬ್ಬರನ್ನೂ ಬಿಡಿಸುವವಳು ಅವಳೇ.

ಇದು 1942ರ ಡಿಸೆಂಬರ್ ಸಂಚಿಕೆಯ ‘ಕ್ಯಾಪ್ಟನ್ ಮಾರ್ವೆಲ್ ಅಡ್ವೆಂಚರ್ಸ್’. ಕಥೆ ಆಟೊ ಬೈಂಡರ್‌ನದು, ಚಿತ್ರ ಮಾರ್ಕ್ ಸ್ವೇಜ್‌ನದು. ಮೇರಿಯ ಮುಖಕ್ಕೆ ಮಾದರಿಯಾದವಳು ಆ ಕಾಲದ ಹಾಲಿವುಡ್ ತಾರೆ ಜೂಡಿ ಗಾರ್ಲೆಂಡ್. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಿಲ್ಲಿ ಮಂತ್ರ ಹೇಳಿದರೆ ಹುಡುಗ ಮಾಯವಾಗಿ ಎದೆಯುಬ್ಬಿದ ಗಂಡಸೊಬ್ಬ ಬಂದು ನಿಲ್ಲುತ್ತಾನೆ. ಮೇರಿ ಹೇಳಿದರೆ ಮೇರಿಯೇ ಉಳಿಯುತ್ತಾಳೆ. ಅದೇ ವಯಸ್ಸು, ಅದೇ ಮುಖ. ಮೈಮೇಲೆ ಮಿಂಚಿನ ಗುರುತಿನ ಕೆಂಪು ಫ್ರಾಕು, ಜೊತೆಗೆ ಹಾರುವ ಶಕ್ತಿ. ಬಲಶಾಲಿಯಾಗಲು ಹುಡುಗ ದೊಡ್ಡವನಾಗಬೇಕು, ಹುಡುಗಿ ಇದ್ದಂತೆಯೇ ಆಗಬಹುದು! ಬರೆದವರಿಗೆ ಇಷ್ಟು ದೂರದ ಯೋಚನೆ ಇತ್ತೋ ಇಲ್ಲವೋ, ಓದುವ ಒಂಬತ್ತು ವರ್ಷದ ಹುಡುಗಿಗೆ ಅದು ತಲುಪದೆ ಇರಲಾರದು. ಹಾಗೆಂದು ಹೆಚ್ಚು ಹೊಗಳುವಂತೆಯೂ ಇಲ್ಲ. ಬಿಲ್ಲಿಗೆ ಸಾಲೊಮನ್‌ನ ಜ್ಞಾನ, ಹರ್ಕ್ಯುಲಿಸ್‌ನ ಬಲ ಬಂದರೆ, ಮೇರಿಗೆ ದೇವತೆಗಳು ಕೊಟ್ಟ ವರಗಳ ಪಟ್ಟಿಯಲ್ಲಿ ಬಲ, ಜ್ಞಾನಗಳ ಜೊತೆಗೆ ಲಾವಣ್ಯ, ಸೌಂದರ್ಯಗಳೂ ಸೇರಿದ್ದವು. ಹುಡುಗಿಗೆ ಕೊಡುವಾಗ ಅದೊಂದನ್ನು ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ಸೂಪರ್‌ಹೀರೊ ಕಾಮಿಕ್ಸ್ ಎಂದರೆ ಹುಡುಗರ ಸರಕು ಎಂಬ ಮಾತನ್ನು ನಾವು ಪ್ರಶ್ನಿಸದೆ ನಂಬಿದ್ದೇವೆ. 1940ರ ದಶಕದ ಅಮೆರಿಕದಲ್ಲಿ ಅದು ನಿಜವಾಗಿರಲಿಲ್ಲ. ಹತ್ತು ಸೆಂಟಿನ ಆ ಪುಸ್ತಕ ಔಷಧಿ ಅಂಗಡಿಯಲ್ಲಿ, ಪೇಪರ್ ಮಾರುವ ಗೂಡಂಗಡಿಯಲ್ಲಿ ಸಿಗುತ್ತಿತ್ತು. ಅಮ್ಮನ ಜೊತೆ ಸಾಮಾನು ತರಲು ಹೋದ ಹುಡುಗಿ ಅದನ್ನೂ ಎತ್ತಿಕೊಂಡು ಬರಬಹುದಿತ್ತು. ಒಂದು ಪ್ರತಿ ಹತ್ತಾರು ಕೈ ದಾಟುತ್ತಿತ್ತು. ಚಿಕ್ಕ ಮಕ್ಕಳಲ್ಲಿ ಹುಡುಗಿಯರು ಹೆಚ್ಚುಕಡಿಮೆ ಹುಡುಗರಷ್ಟೇ ಕಾಮಿಕ್ಸ್ ಓದುತ್ತಿದ್ದರು. ಪ್ರಕಾಶಕರಿಗೆ ಇದು ಗೊತ್ತಿತ್ತು. 1945ರಲ್ಲಿ ಮೇರಿಗೆ ಅವಳದೇ ಹೆಸರಿನ ಪತ್ರಿಕೆ ಬಂದದ್ದು ಸುಮ್ಮನೆ ಅಲ್ಲ.

ಮೇರಿಗಿಂತ ಒಂದು ವರ್ಷ ಮೊದಲೇ, 1941ರ ಕೊನೆಗೆ, ವಂಡರ್ ವುಮನ್ ಬಂದಿದ್ದಳು. ಸೃಷ್ಟಿಸಿದವನು ವಿಲಿಯಂ ಮೋಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಸುಳ್ಳುಪತ್ತೆ ಯಂತ್ರದ ಹಿಂದಿದ್ದ ರಕ್ತದೊತ್ತಡದ ಪರೀಕ್ಷೆಯೂ ಇವನದೇ. ಹೆಣ್ಣಿನ ಆದರ್ಶದಲ್ಲಿ ಬಲ, ಕಸುವು ಇಲ್ಲದಿದ್ದರೆ ಹುಡುಗಿಯರಿಗೇ ಹುಡುಗಿಯರಾಗಿರಲು ಇಷ್ಟವಾಗುವುದಿಲ್ಲ ಎಂಬುದು ಅವನ ವಾದ. ಹೀಗೆ ವಾದಿಸಿದವನೇ ಪುಟಪುಟದಲ್ಲೂ ನಾಯಕಿಯನ್ನು ಸರಪಳಿ, ಹಗ್ಗಗಳಲ್ಲಿ ಕಟ್ಟಿಸುತ್ತಿದ್ದ. ಅದಕ್ಕೆ ಆಗಲೇ ಆಕ್ಷೇಪ ಬಂದಿತ್ತು, ಬರಬೇಕಾದದ್ದೇ. ಓದುವ ಹುಡುಗಿಯರ ಕಣ್ಣು ಮಾತ್ರ ಕಟ್ಟಿದ್ದಕ್ಕಿಂತ ಅದನ್ನು ಹರಿದು ಹಾಕಿದ್ದರ ಮೇಲೆ ಇತ್ತು ಎಂಬುದು ನನ್ನ ಊಹೆ.

ನನಗೆ ಆ ಹಳೆಯ ವಂಡರ್ ವುಮನ್‌ನಲ್ಲಿ ಅತ್ಯಂತ ಇಷ್ಟವಾಗುವವಳು ಎಟಾ ಕ್ಯಾಂಡಿ. ದಪ್ಪನೆಯ ಕಾಲೇಜು ಹುಡುಗಿ, ಕೈಯಲ್ಲಿ ಸದಾ ಚಾಕೊಲೇಟಿನ ಡಬ್ಬಿ. ಹಾಲಿಡೇ ಕಾಲೇಜಿನ ಗೆಳತಿಯರ ದಂಡು ಕಟ್ಟಿಕೊಂಡು ನಾತ್ಸಿ ಗೂಢಚಾರರ ಮೇಲೆ ಬೀಳುತ್ತಾಳೆ. ಅವಳ ಮೈಯನ್ನು ಕಥೆ ತಮಾಷೆ ಮಾಡುತ್ತದೆ ನಿಜ, ಆದರೆ ಅವಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಲೋಕದಲ್ಲಿ ಇಂಥ ಗೆಳತಿಯರ ಗುಂಪು ಎಲ್ಲಿತ್ತು? ಪುಸ್ತಕದ ನಡುವೆ ಫ್ಲಾರೆನ್ಸ್ ನೈಟಿಂಗೇಲ್‌ಳಿಂದ ಆರಂಭಿಸಿ ನಿಜವಾದ ಸಾಧಕಿಯರ ಜೀವನಕಥೆಗಳೂ ಬರುತ್ತಿದ್ದವು. ಅದರ ಹೊಣೆ ಹೊತ್ತವಳು ವಿಂಬಲ್ಡನ್ ಗೆದ್ದ ಟೆನಿಸ್ ಆಟಗಾರ್ತಿ ಆಲಿಸ್ ಮಾರ್ಬಲ್. ಇದೇ ಹೊತ್ತಿಗೆ ಇನ್ನೊಂದು ಪತ್ರಿಕೆಯಲ್ಲಿ ವಂಡರ್ ವುಮನ್‌ಳನ್ನು ಗಂಡು ಸೂಪರ್‌ಹೀರೊಗಳು ತಮ್ಮ ಸಂಘಕ್ಕೆ ಸೇರಿಸಿಕೊಂಡು ಸೆಕ್ರೆಟರಿ ಮಾಡಿದರು. ಅವರು ಯುದ್ಧಕ್ಕೆ ಹೊರಟರೆ ಇವಳು ಕಚೇರಿಯಲ್ಲಿ ಕೂರಬೇಕು.

1947ರಲ್ಲಿ ಮಾರ್ಸ್ಟನ್ ತೀರಿಕೊಂಡ. ಎಟಾ ಮತ್ತು ದಂಡು ಮೆಲ್ಲಗೆ ಹಿಂದೆ ಸರಿದರು. ಸಾಧಕಿಯರ ಕಥೆಗಳ ಜಾಗಕ್ಕೆ ಬೇರೆ ಬೇರೆ ದೇಶಗಳ ಮದುವೆ ಪದ್ಧತಿಗಳ ಪುಟ ಬಂತು. ಸೂಪರ್‌ಮ್ಯಾನ್‌ನ ಒಡೆಯರು ಹೂಡಿದ ದಾವೆಯಿಂದ ಸುಸ್ತಾದ ಫಾಸೆಟ್ ಸಂಸ್ಥೆ 1953ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಬಳಗವನ್ನೇ ನಿಲ್ಲಿಸಿತು, ಮೇರಿಯೂ ಹೋದಳು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದ. ವಂಡರ್ ವುಮನ್ ಹುಡುಗಿಯರಿಗೆ ಕೆಟ್ಟ ಮಾದರಿ ಎಂಬ ದೂರೂ ಅದರಲ್ಲಿತ್ತು. ಅಲ್ಲಿಂದ ಮುಂದೆ ಎಲ್ಲರೂ ಮೈಯೆಲ್ಲ ಕಣ್ಣಾಗಿ ಬರೆಯತೊಡಗಿದರು.

ಆ ಭಯದ ಕಾಲದಲ್ಲೇ, 1959ರ ಮೇ ತಿಂಗಳಲ್ಲಿ, ಸೂಪರ್‌ಗರ್ಲ್ ಬಂದಳು. ಬರೆದವನು ಮತ್ತದೇ ಬೈಂಡರ್. ಕಾರಾ ಎಂಬ ಹದಿಹರೆಯದ ಹುಡುಗಿ ನಾಶವಾಗುತ್ತಿದ್ದ ಊರಿಂದ ರಾಕೆಟ್‌ನಲ್ಲಿ ಭೂಮಿಗೆ ಬರುತ್ತಾಳೆ. ಇಲ್ಲಿ ಅವಳಿಗಿರುವ ಒಬ್ಬನೇ ನೆಂಟ ಸೂಪರ್‌ಮ್ಯಾನ್. ದೊಡ್ಡಪ್ಪನ ಮಗ, ಅಂದರೆ ಅಣ್ಣ. ಅಣ್ಣ ಏನು ಮಾಡುತ್ತಾನೆ? ಮನೆಗೆ ಕರೆದೊಯ್ಯುವುದಿಲ್ಲ. ಹೊಂಬಣ್ಣದ ಕೂದಲ ಮೇಲೆ ಕಂದು ಜಡೆಯ ಟೋಪನ್ ಹಾಕಿಸಿ, ಲಿಂಡಾ ಲೀ ಎಂದು ಹೆಸರಿಟ್ಟು ಅನಾಥಾಲಯಕ್ಕೆ ಸೇರಿಸುತ್ತಾನೆ. ‘ನೀನು ನನ್ನ ಗುಪ್ತ ಅಸ್ತ್ರ, ಹೇಳುವವರೆಗೆ ಯಾರಿಗೂ ಕಾಣಿಸಿಕೊಳ್ಳಬೇಡ’ ಎನ್ನುತ್ತಾನೆ. ಇದು ಸುಮಾರು ಮೂರು ವರ್ಷ ನಡೆಯಿತು. 1962ರಲ್ಲಿ ಜಗತ್ತಿಗೆ ಅವಳ ಪರಿಚಯವಾಗುವ ಸಂಚಿಕೆಯಲ್ಲಿ ಅಧ್ಯಕ್ಷ ಕೆನಡಿಯೂ ಇದ್ದಾರೆ.

ಇವತ್ತು ಓದಿದರೆ ಆ ಅಣ್ಣನ ಮೇಲೆ ಸಿಟ್ಟು ಬರುತ್ತದೆ. ಆದರೆ ಆ ಕಥೆಗಳ ಸೆಳೆತ ಇದ್ದದ್ದೂ ಅಲ್ಲೇ. ಬೆಟ್ಟ ಎತ್ತುವ ಶಕ್ತಿಯಿದ್ದೂ ‘ಸದ್ಯ ಸುಮ್ಮನಿರು’ ಎಂದು ಮನೆಯ ಹಿರಿಯರಿಂದ ಹೇಳಿಸಿಕೊಳ್ಳುವ ಹುಡುಗಿ ಯಾವ ಊರಿನಲ್ಲಿಲ್ಲ? ಲಿಂಡಾ ರಾತ್ರಿ ಕಿಟಕಿಯಿಂದ ಹಾರಿ ಹೋಗಿ ಜನರನ್ನು ಕಾಪಾಡಿ, ಬೆಳಿಗ್ಗೆ ಏನೂ ಗೊತ್ತಿಲ್ಲದವಳಂತೆ ತಿಂಡಿಗೆ ಕೂರುತ್ತಾಳೆ. ಗುಟ್ಟು ಅವಳಿಗೆ ಗೊತ್ತು, ಓದುವವಳಿಗೆ ಗೊತ್ತು, ಉಳಿದ ಯಾರಿಗೂ ಗೊತ್ತಿಲ್ಲ. ಜೊತೆಗೆ ಸ್ಟ್ರೀಕಿ ಎಂಬ ಸೂಪರ್ ಬೆಕ್ಕು, ಆಮೇಲೆ ಕಾಮೆಟ್ ಎಂಬ ಸೂಪರ್ ಕುದುರೆ. ನಗು ಬರುತ್ತದೆ, ಬರಲಿ. ಹಾರುವ ಕುದುರೆ ಬೇಡ ಎನ್ನುವ ಹತ್ತು ವರ್ಷದ ಹುಡುಗಿಯನ್ನು ನಾನಂತೂ ಕಂಡಿಲ್ಲ.

ಅದೇ ಬಳಗದ ‘ಲೀಜನ್ ಆಫ್ ಸೂಪರ್‌ಹೀರೋಸ್’ನಲ್ಲಿ ಸ್ಯಾಟರ್ನ್ ಗರ್ಲ್ ಇದ್ದಳು; ಇನ್ನೊಬ್ಬರ ಮನಸ್ಸು ಓದಬಲ್ಲವಳು. 1963ರ ಒಂದು ಕಥೆಯಲ್ಲಿ ಗುಂಪಿನ ಒಬ್ಬರು ಸಾಯುತ್ತಾರೆ ಎಂಬುದು ಅವಳಿಗೆ ಮೊದಲೇ ತಿಳಿಯುತ್ತದೆ. ಚುನಾವಣೆಯಲ್ಲಿ ಎಲ್ಲರ ಮನಸ್ಸಿಗೆ ಕೈ ಹಾಕಿ ತಾನೇ ನಾಯಕಿಯಾಗುತ್ತಾಳೆ, ಉಳಿದವರು ಯುದ್ಧಕ್ಕೆ ಹೋಗದಂತೆ ತಡೆಯುತ್ತಾಳೆ. ಸಾವು ಬರುವುದಾದರೆ ತನಗೇ ಬರಲಿ ಎಂಬುದು ಅವಳ ಲೆಕ್ಕ. ಅಧಿಕಾರ, ಮೋಸ, ತ್ಯಾಗ ಮೂರನ್ನೂ ಒಬ್ಬ ಹುಡುಗಿಯ ಕೈಗಿತ್ತ ಈ ಕಥೆ, ಅದೇ ಕಾಲದಲ್ಲಿ ಸೂಪರ್‌ಮ್ಯಾನ್‌ನನ್ನು ಮದುವೆಯಾಗಲು ಸಂಚಿಕೆಗೊಂದು ಉಪಾಯ ಹೂಡುತ್ತಿದ್ದ ಲೋಯಿಸ್ ಲೇನ್ ಕಥೆಗಳಿಗಿಂತ ಎಷ್ಟೋ ಮೇಲು.

ನಮ್ಮ ಮನೆಯಲ್ಲಿ ‘ಸುಧಾ’ ಬಂದ ದಿನ ಫ್ಯಾಂಟಮ್ ಓದುವ ಮೊದಲ ಸರದಿ ಅಣ್ಣನದು. ಆಮೇಲೆ ನನ್ನದು. ನಡೆದಾಡುವ ಭೂತದ ಗುಹೆ, ತೋಳ, ಕುದುರೆ ಎಲ್ಲ ಸರಿ, ನಾನು ಹುಡುಕುತ್ತಿದ್ದದ್ದು ಫ್ಯಾಂಟಮ್‌ನ ಪ್ರೇಯಸಿ ಡಯಾನಾ ಇದ್ದಾಳಾ ಎಂದು. ಅವಳಿಗೆ ವಿಶ್ವಸಂಸ್ಥೆಯಲ್ಲಿ ಕೆಲಸವಿತ್ತು. ಅದು ನನಗೆ ಗುಹೆಗಿಂತ ದೊಡ್ಡ ಸಂಗತಿಯಾಗಿ ಕಂಡಿತ್ತು.

ಮತ್ತೆ ಅಮೆರಿಕಕ್ಕೆ. 1968ರಲ್ಲಿ ವಂಡರ್ ವುಮನ್‌ಳ ಶಕ್ತಿಯನ್ನೇ ಕಿತ್ತುಕೊಂಡು ಬಟ್ಟೆ ಅಂಗಡಿಯ ಒಡತಿ ಮಾಡಿದರು. ಚಿಕ್ಕಂದಿನಲ್ಲಿ ಅವಳನ್ನು ಓದಿ ಬೆಳೆದ ಸ್ತ್ರೀವಾದಿ ಗ್ಲೋರಿಯಾ ಸ್ಟೈನಮ್ 1972ರ ಜುಲೈಯಲ್ಲಿ ತಮ್ಮ ‘ಮಿಸ್’ ಪತ್ರಿಕೆಯ ಮುಖಪುಟದಲ್ಲಿ ಹಳೆಯ ವೇಷದ ವಂಡರ್ ವುಮನ್‌ಳನ್ನೇ ನಿಲ್ಲಿಸಿದರು. ಮರುವರ್ಷ ಶಕ್ತಿ ವಾಪಸ್ ಬಂತು. ಮೂವತ್ತು ವರ್ಷದ ಹಿಂದಿನ ಓದುಗಿಯೊಬ್ಬಳು ತನ್ನ ನಾಯಕಿಯನ್ನು ಬಿಡಿಸಿಕೊಂಡು ಬಂದಂತಾಯಿತು.

ಹಾಗಾದರೆ ಓದುಗಿಯರು ಎಲ್ಲಿ ಹೋದರು? ನನ್ನ ಉತ್ತರ ಕಥೆಯಲ್ಲಿಲ್ಲ, ಅಂಗಡಿಯಲ್ಲಿದೆ. 1970ರ ದಶಕದಿಂದ ಕಾಮಿಕ್ಸ್ ಗೂಡಂಗಡಿಗಳಿಂದ ಮರೆಯಾಗುತ್ತ ಕಾಮಿಕ್ಸ್‌ಗೆಂದೇ ತೆರೆದ ಅಂಗಡಿಗಳಿಗೆ ಸರಿಯಿತು. ಮಾರುವವರು ಗಂಡಸರು, ಕೊಳ್ಳುವವರು ಸಂಗ್ರಹದ ಹುಚ್ಚಿನ ಗಂಡಸರು, ಗೋಡೆಯ ಮೇಲಿನ ಚಿತ್ರಗಳೂ ಅವರಿಗಾಗಿಯೇ. ಹನ್ನೆರಡು ವರ್ಷದ ಹುಡುಗಿ ಒಬ್ಬಳೇ ಒಳಗೆ ಕಾಲಿಡುವ ಜಾಗವಾಗಿ ಅದು ಉಳಿಯಲಿಲ್ಲ. ಆದರೂ ಬಂದವರು ಬಂದರು. ಎಕ್ಸ್‌-ಮೆನ್‌ನಲ್ಲಿ 1975ಕ್ಕೆ ಮಳೆಗಾಳಿಯನ್ನು ಆಳುವ ಸ್ಟಾರ್ಮ್, 1980ಕ್ಕೆ ಹದಿಮೂರೂವರೆ ವಯಸ್ಸಿನ ಕಿಟ್ಟಿ ಪ್ರೈಡ್ ಸಿಕ್ಕಾಗ ಹುಡುಗಿಯರು ಅದನ್ನು ಕೈಬಿಡಲಿಲ್ಲ. ಆ ಸರಣಿಯ ಸಂಪಾದಕಿಯರಾಗಿ ಲೂಯಿಸ್ ಸೈಮನ್ಸನ್, ಆನ್ ನೊಸೆಂಟಿ ಇದ್ದದ್ದನ್ನೂ ಮರೆಯಬಾರದು. ವಂಡರ್ ವುಮನ್ ಕಾಮಿಕ್ಸ್ ಪುಸ್ತಕವನ್ನು ಮೊದಲ ಬಾರಿಗೆ ಒಬ್ಬ ಹೆಣ್ಣು ಚಿತ್ರಿಸಿದ್ದು 1986ರಲ್ಲಿ. ಅವಳು ಟ್ರಿನಾ ರಾಬಿನ್ಸ್, ಬಾಲ್ಯದಲ್ಲಿ ನಾಯಕಿಯರಿರುವ ಕಾಮಿಕ್ಸ್‌ಗಳನ್ನೇ ಹುಡುಕಿ ಓದಿದವಳು.

ಬರೆದ ಹೆಣ್ಣು ಮಾತ್ರ ಬಹಳ ಮೊದಲೇ ಇದ್ದಳು. 1944ರಲ್ಲಿ ನ್ಯೂಯಾರ್ಕಿನ ಸೆಕ್ರೆಟರಿ ತರಬೇತಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದ ಮಾರ್ಸ್ಟನ್, ವಿದ್ಯಾರ್ಥಿನಿಯೊಬ್ಬಳ ಉತ್ತರ ಪತ್ರಿಕೆ ಓದಿ ಬೆರಗಾಗಿ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ. ಹೆಸರು ಜಾಯ್ ಹಮೆಲ್, ವಯಸ್ಸು ಇಪ್ಪತ್ತರ ಆಸುಪಾಸು. ಅದೇ ವರ್ಷ ಮಾರ್ಸ್ಟನ್‌ಗೆ ಪೋಲಿಯೊ ತಗುಲಿದ ಮೇಲೆ ವಂಡರ್ ವುಮನ್‌ನ ಎಷ್ಟೋ ಕಥೆಗಳನ್ನು ಬರೆದವಳು ಅವಳೇ. ಅಚ್ಚಾದದ್ದು ‘ಚಾರ್ಲ್ಸ್ ಮೋಲ್ಟನ್’ ಎಂಬ ಗಂಡಸಿನ ಹೆಸರಲ್ಲಿ. ಸ್ಯಾನ್ ಡಿಯಾಗೊದ ಕಾಮಿಕ್-ಕಾನ್‌ನಲ್ಲಿ ಕಾಮಿಕ್ಸ್ ಬರಹಗಾರರ ಬಿಲ್ ಫಿಂಗರ್ ಪ್ರಶಸ್ತಿ ಆಕೆಗೆ ಬಂದದ್ದು 2018ರಲ್ಲಿ. ಆಗ ಆಕೆಗೆ 94 ವರ್ಷ.