ಸೀಟಿನ ಹಿಂದಿನ ತಲೆ ಎಣಿಕೆ

ಕಾಲೇಜು ಸೀಟುಗಳ ಮೀಸಲಾತಿ ಚರ್ಚೆಗೆ ಬಂದಾಗಲೆಲ್ಲ ಜಾತಿವಾರು ತಲೆ ಎಣಿಕೆಯ ಮಾತೂ ಬರುತ್ತದೆ. ಕರ್ನಾಟಕದಲ್ಲಿ ಈ ನಂಟು ಇಂದು ನಿನ್ನೆಯದಲ್ಲ.

ಹಿಂದುಳಿದವರ ಪ್ರಾತಿನಿಧ್ಯ ಕುರಿತು ಮೈಸೂರು ಸಂಸ್ಥಾನ 1918ರಲ್ಲೇ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತ್ತು. ಆಗಿನ ಜನಗಣತಿಯಲ್ಲಿ ಜಾತಿವಾರು ಅಕ್ಷರಸ್ಥರ ಅಂಕಿಗಳೂ ದೊರೆಯುತ್ತಿದ್ದವು. ಎಲ್ಲ ಜಾತಿಗಳ ಅಂಕಿಗಳು ಪೂರ್ಣವಾಗಿ ಪ್ರಕಟವಾದದ್ದು 1931ರಲ್ಲೇ ಕೊನೆ. 1951ರಿಂದ ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಉಳಿದ ಜಾತಿಗಳ ಎಣಿಕೆ ನಿಂತಿತು.

ಇದರ ತೊಡಕು ಕಾಣಿಸಿದ್ದು ನಾಗನಗೌಡ ಸಮಿತಿಯ ಕಾಲದಲ್ಲಿ. 1961ರಲ್ಲಿ ವರದಿ ನೀಡಿದ ಈ ಸಮಿತಿ, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ನೋಡಿತು. ರಾಜ್ಯದ ಸರಾಸರಿ 6.9. ವಿದ್ಯಾರ್ಥಿಗಳ ಸಂಖ್ಯೆ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಆ ಸಮುದಾಯದ ಒಟ್ಟು ಜನಸಂಖ್ಯೆ? ಅದಕ್ಕೆ ಅಂದಾಜೇ ಗತಿ. ಈ ಅಂದಾಜು ತುಸು ಹೆಚ್ಚುಕಡಿಮೆಯಾದರೂ ಒಂದು ಸಮುದಾಯ ಸರಾಸರಿಯ ಆಚೆಗೋ ಈಚೆಗೋ ಸರಿದುಬಿಡುತ್ತದೆ.

1962ರ ಜುಲೈನಲ್ಲಿ ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಸರಾಸರಿಗಿಂತ ಸ್ವಲ್ಪ ಕೆಳಗಿರುವವರೆಲ್ಲ ಹಿಂದುಳಿದವರಲ್ಲ, ಬಹಳ ಕೆಳಗಿರುವವರು ಮಾತ್ರ ಎಂಬುದು ಅದರ ನಿಲುವು. ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕೆಂದೂ ಅದು ಹೇಳಿತು.

1972ರಲ್ಲಿ ನೇಮಕವಾದ ಹಾವನೂರು ಆಯೋಗ ತಾನೇ ಸಮೀಕ್ಷೆ ನಡೆಸಿತು. 1980ರಲ್ಲಿ ವರದಿ ಕೊಟ್ಟ ಮಂಡಲ್ ಆಯೋಗ ಮಾತ್ರ ಹಿಂದುಳಿದವರು ಶೇ 52 ಎಂದು ಅಂದಾಜಿಸಲು 1931ರ ಅಂಕಿಗಳನ್ನೇ ನೆಚ್ಚಬೇಕಾಯಿತು. ಅಂದರೆ ಅರ್ಧ ಶತಮಾನದ ಹಳೆಯ ಲೆಕ್ಕ! ಕರ್ನಾಟಕ 2015ರಲ್ಲಿ ಮತ್ತು 2025ರಲ್ಲಿ ಮನೆ ಮನೆ ಸಮೀಕ್ಷೆಗೆ ಇಳಿದದ್ದು ಈ ಕೊರತೆಯಿಂದಲೇ.

2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟ ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ತೀರ್ಮಾನಿಸಿತು. ಈ ಬಾರಿ ಮಾಹಿತಿ ಮೊಬೈಲ್ ಮೂಲಕ ದಾಖಲಾಗಲಿದೆ. ಯಂತ್ರದಿಂದ ಕೆಲಸ ಬೇಗ ಆದೀತು, ಆದರೆ ಜಾತಿಯ ಹೆಸರಿನ ಗೊಂದಲ ಬಗೆಹರಿಯದು. 2011ರ ಸಾಮಾಜಿಕ–ಆರ್ಥಿಕ ಗಣತಿಯಲ್ಲೂ ಟ್ಯಾಬ್ಲೆಟ್ ಬಳಕೆಯಾಗಿತ್ತು. ಆದರೂ ಜಾತಿ, ಉಪಜಾತಿ, ಗೋತ್ರ, ಮನೆತನದ ಹೆಸರುಗಳೆಲ್ಲ ಬೆರೆತು ಜಾತಿಗಳ ಪಟ್ಟಿ 46 ಲಕ್ಷಕ್ಕೆ ಏರಿತ್ತು. 1931ರಲ್ಲಿದ್ದದ್ದು 4,147. ಎಣಿಸುವ ಮುನ್ನ ಹೆಸರುಗಳ ಪಟ್ಟಿ ಸರಿಯಾಗಿ ಸಿದ್ಧವಾಗದಿದ್ದರೆ ಹೊಸ ಗಣತಿಯ ನಂತರವೂ ಅಂದಾಜೇ ಗತಿಯಾದೀತು. ಆಗ ನಷ್ಟ, ಪಟ್ಟಿಯಲ್ಲಿ ಚದುರಿಹೋಗುವ ಸಣ್ಣ ಸಮುದಾಯಗಳ ಮಕ್ಕಳಿಗೆ.