ಬಾಲ ತಂದರೂ ಪೂರ್ತಿ ಬೆಲೆ

ಬದುಕಿರಲಿ, ಸತ್ತಿರಲಿ, ಮೂರು ಕುದುರೆಗೆ 1,000 ವರಹ. ಕಡಲಲ್ಲೇ ಸತ್ತದ್ದಾದರೆ ಬಾಲ ತಂದು ತೋರಿಸಿದರೆ ಸಾಕು, ಅದಕ್ಕೂ ಪೂರ್ತಿ ಬೆಲೆ. ವಿಜಯನಗರದ ಅರಸ ಸಾಳುವ ನರಸಿಂಹನ ಈ ವ್ಯಾಪಾರವನ್ನು ಬರೆದಿಟ್ಟವನು ಪೋರ್ಚುಗೀಸ್ ನೂನಿಜ್. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ, ತಾನೂ ಕುದುರೆ ವ್ಯಾಪಾರಿ. ಬೆಲೆಯ ಮಾತಿಗೆ ಅವನ ಕಿವಿ ಚುರುಕು. ವರಹ ಅಂದರೆ ಸುಮಾರು 3.4 ಗ್ರಾಂ ತೂಕದ ಹೊನ್ನಿನ ನಾಣ್ಯ. ಗುಣಿಸಿ ನೋಡಿ: ಕುದುರೆಯೊಂದಕ್ಕೆ ಒಂದು ಕಿಲೊಗೂ ಮೇಲೆ ಹೊನ್ನು. ಬರೀ ಬಾಲಕ್ಕೂ ಅಷ್ಟೇ.

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ಹಾದು ಹಂಪಿಗೆ, ಅಂದರೆ ಅದೇ ವಿಜಯನಗರಕ್ಕೆ, ಹೋದವರೆಲ್ಲ 11 ಕೋಣೆಗಳ ಆನೆಲಾಯದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಕುದುರೆ ಕಾಣಬೇಕೆಂದರೆ ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಸಾಲುಸಾಲಾಗಿ ಇವೆ, ಕಲ್ಲಲ್ಲಿ. ನಿಜದ ಕುದುರೆಗಳ ಸಾಲು ಇರುವುದು ನೂನಿಜನ ಲೆಕ್ಕದಲ್ಲಿ.

ನೂನಿಜನ ಕಾಲದ ಅರಸ ವರ್ಷಕ್ಕೆ ಕೊಳ್ಳುತ್ತಿದ್ದದ್ದು 13,000 ಕುದುರೆ, ಹೊರ್ಮುಜ್ ಬಂದರಿನವೂ ನಾಡತಳಿಯವೂ ಸೇರಿ. ದಿನಕ್ಕೆ ಸುಮಾರು 36, ಅಂದರೆ ಹಗಲೂ ರಾತ್ರಿ ನಲವತ್ತು ನಿಮಿಷಕ್ಕೊಂದು. ಹಡಗು ದಿನವೂ ಬರುತ್ತಿರಲಿಲ್ಲ ಬಿಡಿ. ಹೊರ್ಮುಜಿನವು ಗಾಳಿ ತಿರುಗಿದಾಗ ಹಿಂಡುಹಿಂಡಾಗಿಯೇ ಇಳಿದಿರಬೇಕು. ಅರಸನ ಸ್ವಂತ ಲಾಯದಲ್ಲಿ ಯಾವಾಗಲೂ 500 ಕುದುರೆ, ಜೊತೆಗೆ 800 ಆನೆ. ಇವುಗಳ ಖರ್ಚಿಗೆಂದು ರಾಜಧಾನಿಯ ಆದಾಯವನ್ನೇ ಎತ್ತಿಟ್ಟಿದ್ದನಂತೆ. ಕುದುರೆ ಚಾಕರಿಗೆ 1,600 ಆಳು. ಅಷ್ಟೂ ಜನ ಆ 500ಕ್ಕೇ ಆದರೆ ಕುದುರೆಗೆ ಮೂವರು! ಇನ್ನು 6,000 ರಾವುತರಿಗೆ ಕುದುರೆ ಪುಕ್ಕಟೆ, ತಿಂಗಳ ಮೇವೂ ಅರಸನದೇ.

ಮೇವೆಂದರೆ ಹುಲ್ಲಷ್ಟೇ ಅಲ್ಲ. ಅದೇ 16ನೇ ಶತಮಾನದ ಮೊದಲ ಭಾಗದ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ಬಾರ್ಬೊಸಾ ಹೇಳುವಂತೆ ಅಡುಗೆಮನೆಯಲ್ಲಿ ತಾಮ್ರದ ಕೊಪ್ಪರಿಗೆಗಳಲ್ಲಿ ಕುದುರೆಗಳಿಗೂ ಆನೆಗಳಿಗೂ ಅಕ್ಕಿ, ಕಡಲೆ, ಬೇಳೆಕಾಳು ಬೇಯುತ್ತಿದ್ದವು. ಅಕ್ಕಿ ಸಿರುಗುಪ್ಪದ ಕಾಲುವೆ ನೀರಿನದು, ಕಡಲೆ ಕುರುಗೋಡಿನ ಎರೆಹೊಲದ್ದು ಇದ್ದೀತು ಎಂಬುದು ನನ್ನ ಆಸೆಯ ಊಹೆ. ಬಳ್ಳಾರಿ ಸೀಮೆಯವರು ಕ್ಷಮಿಸಿಯಾರು. ಆದರೆ ತೂಕ ಊಹೆಯದಲ್ಲ. 400 ಕಿಲೊ ತೂಗುವ ಕುದುರೆಗೆ ದಿನಕ್ಕೆ ಸುಮಾರು ಎಂಟು ಕಿಲೊ ಒಣ ಆಹಾರ ಬೇಕು, 30 ಲೀಟರಿನಷ್ಟು ನೀರು ಬೇಕು. ರಾವುತರ 6,000 ಕುದುರೆಗೇ ದಿನಕ್ಕೆ 48 ಟನ್ ಮೇವು, ಅಂದರೆ ಹತ್ತು ಟನ್ನಿನ ಐದು ಲಾರಿ. ನೀರು 1,80,000 ಲೀಟರ್. ಲದ್ದಿ ನೂರು ಟನ್ನಿನ ಆಸುಪಾಸು, ನಾಳೆ ಬೆಳಗ್ಗೆ ಮತ್ತೆ ಅಷ್ಟು.

ಸಾಕಲು ಕೊಟ್ಟು ಮರೆಯುವ ಅರಸರಲ್ಲ ಅವರು. ಕುದುರೆಯನ್ನು ಚೆನ್ನಾಗಿ ನೋಡಿಕೊಂಡವನಿಂದ ಅದನ್ನು ವಾಪಸು ಪಡೆದು ಇನ್ನೂ ಒಳ್ಳೆಯದನ್ನು ಕೊಡುತ್ತಿದ್ದರು, ಕಡೆಗಣಿಸಿದವನಿಗೆ ಅದಕ್ಕಿಂತ ಬಡಕಲನ್ನು. ಇದೂ ಬಾರ್ಬೊಸಾನ ಮಾತೇ. ನೂನಿಜನ ಪ್ರಕಾರ, ಹೀಗೆ ಕೊಟ್ಟ ಪ್ರತಿ ಕುದುರೆಯ ಮೈಮೇಲೆ ಅರಸನ ಮುದ್ರೆ. ಸತ್ತರೆ, ಮುದ್ರೆಯಿದ್ದ ಚರ್ಮದ ತುಂಡನ್ನು ಕೊಯ್ದು ತಂದು ಮುಖ್ಯಾಧಿಕಾರಿಗೆ ಒಪ್ಪಿಸಬೇಕು. ಆಮೇಲೇ ಬದಲಿ ಕುದುರೆ. ಕಡಲಲ್ಲಿ ಸತ್ತದ್ದಕ್ಕೆ ಬಾಲ, ನೆಲದಲ್ಲಿ ಸತ್ತದ್ದಕ್ಕೆ ಚರ್ಮ.

ಇಷ್ಟಕ್ಕೂ ದುಡ್ಡು? ರಾವುತರಿಗೆ ಕೊಡುವ ನಾಡತಳಿ 1,000 ವರಹಕ್ಕೆ 12ರಿಂದ 15 ಸಿಗುತ್ತಿದ್ದವು. ದಂಡನಾಯಕರಿಗೆ ಅದೇ ನಾಡತಳಿಯನ್ನು ಮಾರುವಾಗ 1,000ಕ್ಕೆ ಐದೇ. ಸುಮಾರು ಎರಡೂವರೆಯಿಂದ ಮೂರು ಪಟ್ಟು! ಬೇಡ ಅನ್ನುವಂತಿಲ್ಲ, ಸೆಪ್ಟೆಂಬರ್ ಒಳಗೆ ಹಣ ಕಟ್ಟಲೇಬೇಕು. ಆ ಹಣವೇ ಪೋರ್ಚುಗೀಸರ ಅರಬ್ಬಿ ಕುದುರೆಗಳಿಗೆ ಸಂದಾಯ. ಬೊಕ್ಕಸದಿಂದ ಒಂದು ಕಾಸೂ ಹೊರಬೀಳುತ್ತಿರಲಿಲ್ಲ ಎಂದು ನೂನಿಜ್ ಬರೆಯುತ್ತಾನೆ. ಕುದುರೆ ವ್ಯಾಪಾರಿಯ ಹೊಟ್ಟೆಕಿಚ್ಚು ಆ ಸಾಲಿನಲ್ಲಿ ಚೂರು ಇದೆ ಅನ್ನಿಸುತ್ತದೆ ನನಗೆ.